ಏಳು ದಿನದ ಕ್ಯೂರಿಂಗ್

ಇವತ್ತಿಗೂ ಯಾರಾದರೂ ನನ್ನೆದುರು ‘ಕ್ಯೂರಿಂಗ್’ ಎಂಬ ಮಾತು ಎತ್ತಿದರೆ ನಾನು ಅಲ್ಲಿಂದ ಎದ್ದುಹೋಗುತ್ತೇನೆ. ಸಿವಿಲ್ ಡಿಪ್ಲೊಮಾ ಓದಿ, ಹತ್ತಾರು ಕಟ್ಟಡಗಳ ಬಿಸಿಲುಂಡು, ತಲೆ ನರೆತ ಹೆಂಗಸೊಬ್ಬಳು ಒಂದು ಮಾತಿಗೆ ಹೀಗೆ ಅಂಜುತ್ತಾಳೆಂದರೆ ನಗುವವರು ನಗಲಿ. ನಾನು ಬರೆಯಲು ಕುಳಿತಿರುವುದು ರಾಣೆಬೆನ್ನೂರಿನ ಒಬ್ಬ ಗೌಂಡಿಯ ಬಗ್ಗೆ. ಅವರ ನೆನಪಾದಾಗಲೆಲ್ಲ ಮೊದಲು ಅಂಜಿಕೆ ಬರುತ್ತದೆ, ಆಮೇಲೆ ಅವರ ಮುಖ. ಅವರ ಹೆಸರು ಬರೆಯುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ, ಕನ್ನಡ ಓದುತ್ತಾರೆ.

ಸೈಟಿನಲ್ಲಿ ಎಲ್ಲರಿಗೂ ಅವರು ಚಾಚಾ. ಗೋಡೆ ಕಟ್ಟುವ ಗೌಂಡಿಗಳು ಬೇರೆ, ಇವರು ಬರೀ ನೆಲದ ಗೌಂಡಿ. ಹುಟ್ಟಿದ್ದು ಹೊಳೆದಂಡೆಯ ಐರಣಿಯಲ್ಲಿ, ಮನೆ ಮಾಡಿದ್ದು ರಾಣೆಬೆನ್ನೂರಿನಲ್ಲಿ, ಕೆಲಸ ಸುತ್ತಲಿನ ನಾಲ್ಕಾರು ಊರುಗಳಲ್ಲಿ. ಗಿಡ್ಡ ಆಳು, ಗಡ್ಡಕ್ಕೆ ಮೆಹಂದಿ, ಉಗುರಿನ ಸಂದಿಯಲ್ಲಿ ಯಾವ ಸಾಬೂನಿಗೂ ಹೋಗದ, ನೆಲಕ್ಕೆ ತಿಕ್ಕುವ ಕಾವಿಯ ಕೆಂಪು. ಯಾವ ಕೋಣೆಗೆ ಬಂದರೂ ಮೊದಲು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದರು. ಆಮೇಲೆ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಬಾಗಿಲ ಬೆಳಕಿನಲ್ಲಿ ಉಬ್ಬುತಗ್ಗು ಹುಡುಕುವರು. ಕರಣಿಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಡುವರು. “ಇಲ್ಲೆ ಪೊಳ್ಳ ಐತ್ರಿ” ಎಂದರೆ ಅಲ್ಲಿ ಅಗೆದೇ ನೋಡಬೇಕು, ಪೊಳ್ಳು ಇದ್ದೇ ಇರುತ್ತಿತ್ತು.

ಅವರಷ್ಟು ಅಂಜುವ ಗಂಡಸನ್ನು ನಾನು ಕಂಡಿಲ್ಲ, ಅಂಜಿಕೆಯನ್ನು ಅಷ್ಟು ನಿರಾಳವಾಗಿ ಹೇಳಿಕೊಳ್ಳುವವರನ್ನಂತೂ ಕಂಡೇ ಇಲ್ಲ. ಉಳಿದವರು ನೀರಡಿಕೆ ಆಗಿದೆ ಎನ್ನುವ ಹಾಗೆ ಅವರು “ನನಗ ಅಂಜಿಕಿ ಆಗಾಕತ್ತೇತ್ರಿ” ಎನ್ನುತ್ತಿದ್ದರು. ಹಲ್ಲಿಗೆ ಅಂಜಿಕೆ, ಏಣಿಗೆ ಅಂಜಿಕೆ, ಟ್ರಾನ್ಸ್‌ಫಾರ್ಮರಿನ ಗುಂಯ್ಗುಡುವ ಸದ್ದಿಗೆ ಅಂಜಿಕೆ. ಒಮ್ಮೆ ಕಾಗಿನೆಲೆಯ ಮನೆಯೊಂದರಲ್ಲಿ ಮುಖ ಕಾಣುವಂಥ ಕಾವಿ ನೆಲ ಮಾಡಿದ್ದರಂತೆ. ಆ ಮನೆಯ ಅಜ್ಜಿ ಅದರ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಹೊಳಪಿಗೂ ಅಂಜಿಕೆ. “ಮಾರಿ ಕಾಣೂ ನೆಲಾ ನಂಗ ಬ್ಯಾಡ್ರಿ. ಕಾಲು ಹಿಡಿಯೂ ನೆಲಾ ಬೇಕು” ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡಲು ಒಬ್ಬ ಸಾಹುಕಾರರು ಕೋಲ್ಡ್ ಸ್ಟೋರೇಜು ಕಟ್ಟಿಸುತ್ತಿದ್ದರು. ನಾನು ಅಲ್ಲಿ ಸೂಪರ್‌ವೈಸರ್. ಹಾವೇರಿಯಿಂದ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದೆ. ಮೋಟೆಬೆನ್ನೂರಿನ ಹತ್ತಿರ ಬಸ್ಸು ಒಳಗೆ ಹೊರಳಿ ಸ್ವಲ್ಪ ದೂರ ಹೋದರೆ ಮೆಣಸಿನ ಘಾಟು ಮೂಗಿಗೆ ಬಡಿಯುತ್ತಿತ್ತು, ಅದರ ಜೊತೆಗೇ ನನ್ನ ಅಂಜಿಕೆಯೂ ಶುರುವಾಗುತ್ತಿತ್ತು. ಕೆಲಸ ಕೊಟ್ಟ ದಿನವೇ ಸಾಹುಕಾರರು ಹೇಳಿದ್ದರು: “ಹೆಣ್ಣುಮಗಳ ಕೈಯಾಗ ಸೈಟ್ ಕೊಡಬ್ಯಾಡಂತ ಎಲ್ಲಾರೂ ಅಂದ್ರು. ನಾ ಕೊಟ್ಟೇನಿ. ಒಂದು ತಪ್ಪಾತಂದ್ರ ಮಂದಿ ನಿನಗ ನಗೂದಿಲ್ಲವಾ, ನನಗ ನಗತಾರ.” ಅವರು ಕೆಟ್ಟ ಮನುಷ್ಯರೇನಲ್ಲ. ಆದರೆ ಆ ಮಾತು ನನ್ನ ಬೆನ್ನ ಮೇಲೆ ಕುಳಿತುಬಿಟ್ಟಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾನು ಅಂಜುತ್ತಿದ್ದೆ. ಗೊತ್ತಿದ್ದದ್ದನ್ನು ಕೇಳಿದರೂ ಎರಡು ಸಲ ಪುಸ್ತಕ ತಿರುವಿ ಉತ್ತರ ಕೊಡುತ್ತಿದ್ದೆ.

ಚಾಚಾ ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಸಲ್ಲುವ ಮರ್ಯಾದೆ ಅದು. ಮಗಳ ವಯಸ್ಸಿನವಳನ್ನು ಹಾಗೆ ಕರೆಯಬೇಡಿ ಎಂದರೆ, “ಓದಿದವ್ರು ಓದಿದವ್ರ ಅಲ್ರಿ” ಎಂದು ಮುಗಿಸಿಬಿಡುತ್ತಿದ್ದರು. ನಾನು ಹೇಳಿದ್ದನ್ನು ಅವರು ಪರೀಕ್ಷೆ ಮಾಡುತ್ತಿರಲಿಲ್ಲ. ಅಳತೆಪಟ್ಟಿ ಹಿಡಿದು ನಾನು ಇಷ್ಟು ಅಡಿ ಎಂದರೆ ಅಷ್ಟೇ ಅಡಿ. ಸೈಟಿನಲ್ಲಿ ಹಾಗೆ ನನ್ನನ್ನು ನಂಬುತ್ತಿದ್ದವರು ಅವರೊಬ್ಬರೇ.

ಕೋಲ್ಡ್ ಸ್ಟೋರೇಜಿನ ಕೋಣೆಯ ಬಾಗಿಲು ಗಾದಿಯಷ್ಟು ದಪ್ಪ. ಆ ಬಾಗಿಲ ಸಂದಿಗೆ ಒಂದು ಇಟ್ಟಿಗೆ ಅಡ್ಡ ಇಡದೆ ಚಾಚಾ ಒಳಗೆ ಕಾಲಿಡುತ್ತಿರಲಿಲ್ಲ.

“ಒಳಗಿಂದನೂ ತಗೀಬಹುದು ಚಾಚಾ, ಹಿಡಿಕಿ ಐತಿ” ಎಂದೆ ಒಮ್ಮೆ.

“ಅದು ಬಾಗಲಕ್ಕ ಗೊತ್ತಿರಬೇಕಲ್ರಿ ಬಾಯಾರ!”

ನಾನು ನಕ್ಕುಬಿಟ್ಟೆ. ಆಮೇಲೆ ಒಬ್ಬಳೇ ಒಳಗೆ ಹೋಗುವಾಗ ನಾನೂ ಇಟ್ಟಿಗೆ ಇಡತೊಡಗಿದೆ.

ಆ ಕೋಣೆಗೆ ಸಾಹುಕಾರರು ಹೊಸ ನಮೂನೆಯ ನೆಲ ತರಿಸಿದ್ದರು. ಎಪಾಕ್ಸಿ. ಎರಡು ತರದ ಡಬ್ಬಿ ಬಂದವು. ಒಂದರಲ್ಲಿ ಜೇನಿನಂಥ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಜೊತೆಗೆ ಬೆಣಚುಕಲ್ಲು ಪುಡಿ ಮಾಡಿದ ಉಸುಕಿನ ಚೀಲಗಳು. ಡಬ್ಬಿಯ ಮೇಲೆ ಹಿಮ ಮುಚ್ಚಿದ ಬೆಟ್ಟದ ಚಿತ್ರ. ಹುಬ್ಬಳ್ಳಿಯಿಂದ ಬಂದಿದ್ದ ಕಂಪನಿಯ ಮನುಷ್ಯ ಹೇಳಿದ: “ಇದು ಹಿಮಾ ಬೀಳೂ ಊರಾಗ ಮನಿಗೆ, ಹೋಟೆಲ್ಲಿಗೆ ಹಾಕೂ ಮಾಲ್ರಿ. ಎಂಥಾ ಥಂಡಿಗೂ ಬಿರಿಯೂದಿಲ್ಲ. ಉಸುಕು ಉಗ್ಗಿದ್ರ ಕಾಲೂ ಜಾರೂದಿಲ್ಲ.”

ಚಾಚಾ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಹಿಮಾ ಬ್ಯಾಡಗಿಗೆ ಬರೂದಿಲ್ಲಂತ ನಮ್ಮ ಸಾವ್ಕಾರ್ರು ಡಬ್ಬಿಯಾಗ ತರಿಸ್ಯಾರ ನೋಡ್ರಿ” ಎಂದರು. ಎಲ್ಲರೂ ನಕ್ಕರು. ಕಂಪನಿಯವನು ಪಡಸಾಲೆಯ ಒಂದು ಮೂಲೆಯಲ್ಲಿ ಒಂದಿಷ್ಟು ಹಾಕಿ ತೋರಿಸಿ, ಸಂಜೆಯ ಬಸ್ಸಿಗೆ ಹೋಗಿಬಿಟ್ಟ.

ಕಾವಿ ನೆಲ ಕಾಯಲು ಕಲಿಸುತ್ತದೆ. ಹದ ಬರುವ ತನಕ ಬೀಡಿ ಸೇದುತ್ತ ಕೂರಬಹುದು. ಎಪಾಕ್ಸಿಗೆ ಆ ಸೈರಣೆ ಇಲ್ಲ. ಎರಡು ಡಬ್ಬಿ ಕೂಡಿಸಿದ ಮೇಲೆ ಅರ್ಧ ಗಂಟೆಯೊಳಗೆ ಹರಡಬೇಕು. ತಡವಾದರೆ ಬಕೆಟ್ಟಿನಲ್ಲೇ ಕಾದು ಹೊಗೆಯಾಡಿ ಕಲ್ಲಾಗುತ್ತದೆ. ಚಾಚಾ ಮೂರು ದಿನ ಒಡೆದ ಇಟ್ಟಿಗೆಗಳ ಮೇಲೆ ರೂಢಿ ಮಾಡಿದರು. ಬಕೆಟ್ಟಿನ ಹೊಟ್ಟೆಗೆ ಅಂಗೈ ಹಚ್ಚಿ ಕೂರುತ್ತಿದ್ದರು. “ಜ್ವರಾ ಬರಾಕತ್ತೇತ್ರಿ ಇದಕ್ಕ, ಲಗೂ ಲಗೂ!” ಎಂದು ಒದರಿದರೆ ಹುಯ್ಯುವ ಹೊತ್ತಾಯಿತೆಂದು ಅರ್ಥ. ಬೆಣಚಿನ ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ತಿಕ್ಕಿ ಕೇಳಿ, “ಐರಣಿ ಹೊಳಿ ಉಸುಕಿಗಿಂತ ಒರಟ ಐತಿ. ಕಾಲು ಹಿಡೀತೈತಿ” ಎಂದು ಖುಷಿಪಟ್ಟರು. ಕೋಳಿಗೆ ಜೋಳ ಚೆಲ್ಲುವ ಹಾಗೆ ಅದನ್ನು ಮಣಿಕಟ್ಟಿನಿಂದ ಉಗ್ಗುವುದನ್ನು ನೋಡುವುದೇ ಒಂದು ಸೊಗಸು.

ದೊಡ್ಡ ಕೋಣೆಗೆ ಹಾಕುವ ದಿನ ಅವರು ಉಪವಾಸವಿದ್ದರು. ರಮಜಾನಿನ ಕೊನೆಯ ರೋಜಾ. ಬಾಯಿಗೆ ಹನಿ ನೀರಿಲ್ಲದೆ, ಘಾಟಿಗೆ ಕಣ್ಣೀರು ಸುರಿಸುತ್ತ, ಮೊಣಕಾಲ ಮೇಲೆ ಹಿಂದೆ ಹಿಂದೆ ಸರಿಯುತ್ತ, ಮಧ್ಯಾಹ್ನ ಮೂರರ ಹೊತ್ತಿಗೆ ಹೊಸ್ತಿಲಿಗೆ ಬಂದು ಮುಟ್ಟಿದರು. ಹಿಂದೆ ಬಿಟ್ಟುಬಂದ ನೆಲ ಅಲುಗದ ಕೆರೆಯಂತಿತ್ತು. ಹೊರಗೆ ಬಂದು ಕುಳಿತು, ಕೈಗೆ ಮೆತ್ತಿದ ಅಂಟನ್ನು ಗೋಣಿಗೆ ಒರೆಸಿಕೊಂಡರು.

“ಈಗರ ಅಂಜಿಕಿ ಹೋತಿಲ್ಲೋ ಚಾಚಾ?”

“ಇಲ್ರಿ. ನೆಲಾ ಗಟ್ಟಿ ಆದಮ್ಯಾಲ ಹೋಗತೈತಿ.” ಆಮೇಲೆ ಗಡ್ಡ ನೀವಿಕೊಂಡು ಹೇಳಿದರು: “ಕಾವಿ ನೆಲಕ್ಕ ಹಾಕಿದಮ್ಯಾಲ ನೀರು ಕುಡಿಸಬೇಕು. ಇದಕ್ಕ ಏನ್ ಮಾಡಬೇಕು ನಂಗ ಗೊತ್ತಿಲ್ಲ. ಮರೀದ ಕಂಪನಿಯವ್ರನ್ನ ಕೇಳ್ರಿ ಬಾಯಾರ.”

ಮರುದಿನ ಹಬ್ಬ. ಅವರು ಅಂದು ಸಂಜೆಯೇ ರಾಣೆಬೆನ್ನೂರಿಗೆ ಹೊರಟರು. ನಾನು ಸಾಹುಕಾರರ ಆಫೀಸಿಗೆ ಹೋಗಿ ಹುಬ್ಬಳ್ಳಿಗೆ ಫೋನ್ ಮಾಡಿದೆ. ಸಾಹುಕಾರರು ಎದುರಿಗೇ ಕುಳಿತಿದ್ದರು. ಲೈನಿನಲ್ಲಿ ಗೊರಗೊರ ಸದ್ದು.

“ನೆಲಾ ಹಾಕಿದ್ವಿ. ಮುಂದ?”

“ಏಳು ದಿನ ಕ್ಯೂರಿಂಗ್ ಆಗಬೇಕ್ರಿ ಮೇಡಂ. ಅಲ್ಲೀಮಟ ಥಂಡಿ ಮಿಷನ್ ಚಾಲೂ ಮಾಡಬ್ಯಾಡ್ರಿ.”

ನಮ್ಮ ಕಡೆ ಕಟ್ಟಡದ ಕೆಲಸದಲ್ಲಿ ಕ್ಯೂರಿಂಗ್ ಎಂದರೆ ಒಂದೇ ಅರ್ಥ, ನೀರು ಹೊಡೆಯುವುದು. ಸ್ಲ್ಯಾಬಿಗೆ, ಗಿಲಾವಿಗೆ, ನೆಲಕ್ಕೆ ನೀರು ಕುಡಿಸುವುದನ್ನೇ ಕೂಲಿಯವರಿಂದ ಹಿಡಿದು ಎಂಜಿನಿಯರರ ತನಕ ಎಲ್ಲರೂ ಹಾಗೆನ್ನುತ್ತಾರೆ. ಕಂಪನಿಯವನ ಭಾಷೆಯಲ್ಲಿ ಅದರ ಅರ್ಥ ಬೇರೆಯೇ: ಸುಮ್ಮನೆ ಬಿಡಿ, ತಾನಾಗಿ ಗಟ್ಟಿಯಾಗಲಿ, ಒಂದು ಹನಿ ನೀರೂ ಸೋಕದಿರಲಿ. ಒಂದೇ ಮಾತು, ಎರಡು ಕಡೆ ಎರಡು ಅರ್ಥ. ನನಗೆ ಸಂಶಯ ಬರಲಿಲ್ಲವೆಂದಲ್ಲ. ‘ನೀರು ಹಾಕಬೇಕೇನ್ರಿ?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಸಾಹುಕಾರರು. ಸಿವಿಲ್ ಓದಿದವಳು ಕ್ಯೂರಿಂಗ್ ಎಂದರೇನು ಎಂದು ಫೋನಿನಲ್ಲಿ ಕೇಳುವುದೇ? ಹೂಂ ಎಂದು ಇಟ್ಟುಬಿಟ್ಟೆ.

ಹೊರಗೋಡೆಗೆ ನೀರು ಹೊಡೆಯುವ ಪೈಪು ಅಲ್ಲೇ ಬಿದ್ದಿತ್ತು. ಹಬ್ಬದ ಹಿಂದಿನ ದಿನವೆಂದು ಆಳುಗಳೆಲ್ಲ ಬೇಗ ಹೋಗಿದ್ದರು. ನೆಲದ ಮೇಲ್ಮೈ ಬಿಗಿದಂತೆ ಕಂಡ ಮೇಲೆ ನಾನೇ ಹೊಸ್ತಿಲಿಗೆ ಮಣ್ಣಿನ ಕಟ್ಟೆ ಕಟ್ಟಿ, ಬಾಗಿಲಲ್ಲಿ ನಿಂತು, ಆ ನೆಲದ ಮೇಲೆ ಒಂದು ಬೆರಳು ನೀರು ನಿಲ್ಲುವ ತನಕ ಬಿಟ್ಟೆ. ಕೆಲಸ ಚೊಕ್ಕವಾಗಿ ಮಾಡಿದೆನೆಂದು ಸಮಾಧಾನದಿಂದಲೇ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ನೀರು ನೋಡಲು ಒಬ್ಬಳೇ ಬಂದೆ. ನೀರಿನ ಕೆಳಗೆ ನೆಲ ಬೆಳ್ಳಗಾಗಿತ್ತು, ಹಾಲು ಒಡೆದ ಹಾಗೆ. ಬೆರಳಿಟ್ಟೆ, ಅಂಟಿತು. ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ. ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಕಟ್ಟೆ ಒಡೆದೆ, ನೀರು ಬಳಿದೆ, ಗೋಣಿಚೀಲದಿಂದ ಒರೆಸಿದೆ, ಮಣ್ಣಿನ ಗುರುತು ತೊಳೆದೆ, ಪೈಪನ್ನು ಮೊದಲಿದ್ದ ಜಾಗಕ್ಕೇ ಎಳೆದು ಹಾಕಿದೆ. ಗೇಟಿನ ಕಾವಲುಗಾರ ಹಬ್ಬಕ್ಕೆ ಹೋಗಿದ್ದ. ಯಾರೂ ನೋಡಲಿಲ್ಲ. ಬಾಗಿಲು ತೆರೆದಿಟ್ಟು ಎರಡು ದಿನ ಗಾಳಿ ಆಡಿಸಿದೆ. ನೆಲ ಒಣಗಿತು. ಬಿಳಿ ಹೋಗಲಿಲ್ಲ, ಅಂಟೂ ಹೋಗಲಿಲ್ಲ.

ಮೂರನೆಯ ದಿನ ಚಾಚಾ ಬಂದರು. ನನಗಾಗಿ ಸ್ಟೀಲಿನ ಡಬ್ಬಿಯಲ್ಲಿ ಸುರಕುಂಬಾ ತಂದಿದ್ದರು. ಹಬ್ಬದ ಹಾಲು ಶ್ಯಾವಿಗೆ, ಮೇಲೆ ದ್ರಾಕ್ಷಿ. “ಮನ್ಯಾಗ ಹೇಳಿ ಕಳಸ್ಯಾರ್ರಿ, ಬಾಯಾರ ಮುಂದ ನಿಂತು ತಿನ್ನಿಸಿ ಬಾ ಅಂತ” ಎಂದು ಡಬ್ಬಿ ನನ್ನ ಕೈಗಿಟ್ಟು, ಚಪ್ಪಲಿ ಬಿಟ್ಟು, ಬಾಗಿಲಿಗೆ ಇಟ್ಟಿಗೆ ಇಟ್ಟು ಒಳಗೆ ಹೋದರು. ನಾನು ಡಬ್ಬಿ ಹಿಡಿದುಕೊಂಡು ಹೊರಗೆ ನಿಂತಿದ್ದೆ. ಒಳಗಿನಿಂದ ಸದ್ದೇ ಇಲ್ಲ. ಇಣುಕಿದೆ. ಮೊಣಕಾಲೂರಿ ಹೆಬ್ಬೆರಳಿಂದ ನೆಲ ಒತ್ತುತ್ತಿದ್ದರು. ಒತ್ತಿದಲ್ಲೆಲ್ಲ ಹೆಬ್ಬೆರಳಿನ ಗುರುತು ಮೂಡುತ್ತಿತ್ತು.

“ಎರಡನೇ ಡಬ್ಬಿ ಕಡಿಮಿ ಬಿತ್ತೇನು?” ಎಂದರು ತಮಗೆ ತಾವೇ. “ಎಣಸಿ ಹಾಕೇನಲ್ಲ... ರೋಜಾದಾಗ ತಲಿ ತಿರುಗಿ ತಪ್ಪಿದೆನೋ ಏನೋ.”

ಆಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಹೇಳಲಿಲ್ಲ.

ಮರುದಿನ ಸಾಹುಕಾರರು, ಕಂಪನಿಯ ಮನುಷ್ಯ, ನಾಲ್ಕು ಜನ ಗೌಂಡಿಗಳು, ಎಲ್ಲರೂ ಆ ನೆಲದ ಸುತ್ತ ನಿಂತಿದ್ದರು. ಕಂಪನಿಯವನು ಚಾಕುವಿನಿಂದ ಒಂದು ಚೂರು ಎಬ್ಬಿಸಿ ಮೂಸಿದ. “ಒಂದೋ ಮಿಕ್ಸಿಂಗ್ ತಪ್ಪೇತಿ, ಇಲ್ಲಾ ನೀರು ಬಿದ್ದೈತಿ” ಎಂದ. ಚಾಚಾ ನನ್ನ ಕಡೆ ಹೊರಳಿದರು. ಅವರ ಮುಖದಲ್ಲಿ ಒಂದಿಷ್ಟು ಆಸೆ ಮೂಡಿತ್ತು, ಅದನ್ನು ನಾನು ಕಂಡೆ.

“ನಾ ಇಲ್ಲದಾಗ ನೀರೇನರ ಬಿತ್ತೇನ್ರಿ ಬಾಯಾರ?”

“ಇಲ್ಲ” ಎಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು. “ಬಾಯಾರು ಇಲ್ಲ ಅಂದ್ರು ಅಂದಮ್ಯಾಲ ಇಲ್ರಿ” ಎಂದು ಕಂಪನಿಯವನಿಗೆ ತಾವೇ ಹೇಳಿದರು. “ನನ್ನ ಕೈಯ ತಪ್ಪೇತಿ.” ಸಾಹುಕಾರರು ಬಾಯಿಗೆ ಬಂದಂತೆ ಬೈದರು. ಚಾಚಾ ತಲೆ ತಗ್ಗಿಸಿ ಕಾಲ್ಬೆರಳಿನಿಂದ ನೆಲ ತಿಕ್ಕುತ್ತ ನಿಂತಿದ್ದರು.

ಕೆಟ್ಟ ನೆಲವನ್ನು ಅವರೇ ಕಿತ್ತರು. ಬೇಡವೆಂದರೂ ಕೇಳಲಿಲ್ಲ. ಎಂಟು ದಿನ ಉಳಿ, ಸುತ್ತಿಗೆಯ ಸದ್ದು. ಆ ಎಂಟೂ ದಿನ ನಾನು ಊಟದ ಡಬ್ಬಿ ಬಿಚ್ಚದೆ ಮನೆಗೆ ಒಯ್ದೆ. ಗೌಂಡಿಗಳು ಗುಸುಗುಸು ಮಾತಾಡಿದರೆ ಗೊತ್ತಾಗಿದೆಯೋ ಏನೋ ಎಂದು ಅಂಜಿಕೆ. ಕಾವಲುಗಾರ ನೆಟ್ಟಗೆ ನೋಡಿದರೆ ಅಂಜಿಕೆ. ಆ ಪೈಪು ಕಂಡರೆ ಅಂಜಿಕೆ. ಹುಬ್ಬಳ್ಳಿಯಿಂದ ಬೇರೆ ತಂಡ ಬಂದು ಹೊಸದಾಗಿ ಹಾಕಿತು. ಚಾಚಾ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕುಳಿತು ಇಡೀ ದಿನ ಕಣ್ಣು ಕೀಲಿಸಿ ನೋಡಿದರು. ಸಂಜೆ ನನ್ನ ಹತ್ತಿರ ಬಂದರು.

“ಎಲ್ಲಾ ನನ್ನಂಗ ಮಾಡಿದ್ರು ಬಾಯಾರ. ಒಂದೂ ಫರಕ್ ಕಾಣಲಿಲ್ಲ. ಫರಕ್ ಇದ್ದ ಇರಬೇಕಲ್ಲ? ನಂಗ ಕಾಣವಲ್ದು ಅಂದ್ರ, ಕೈ ಅಷ್ಟ ಅಲ್ಲ, ಕಣ್ಣೂ ಹೋಗ್ಯಾವು.”

ಅದರ ನಂತರ ಅವರು ಅಂಜಿಕಿ ಎಂಬ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಹಲ್ಲಿ ಬಂದರೂ ಸುಮ್ಮನೆ ನೋಡುತ್ತಿದ್ದರು. ಅದನ್ನು ಕಂಡಾಗಲೇ ನಾನು ಅವರಿಗೆ ಏನು ಮಾಡಿದ್ದೇನೆಂದು ನನಗೆ ಸರಿಯಾಗಿ ತಿಳಿದದ್ದು.

ಅವರು ನೆಲ ಹಾಕುವುದನ್ನು ಬಿಟ್ಟರು. ಎಪಾಕ್ಸಿ ಮಾತ್ರವಲ್ಲ, ಕಾವಿ, ಫರಸಿಕಲ್ಲು, ಯಾವುದನ್ನೂ ಹಾಕಲಿಲ್ಲ. ಬೇರೆ ಗೌಂಡಿಗಳ ಕೈಕೆಳಗೆ ಉಸುಕು ಸೋಸುತ್ತಿದ್ದಾರೆಂದು ಸುದ್ದಿ ಬಂತು. ಒಮ್ಮೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ನನಗೆ ಓಡಿಹೋಗಬೇಕೆನಿಸಿತು. ಅವರು ಖುಷಿಯಿಂದ ಚಹಾದ ಅಂಗಡಿಗೆ ಕರೆದೊಯ್ದರು. ತಮ್ಮ ಕಪ್ಪಿಗೆ ಸಕ್ಕರೆ ಹಾಕಿಕೊಳ್ಳುವಾಗ “ಒಂದು” ಎಂದು ಬಾಯಿಬಿಟ್ಟು ಎಣಿಸಿದರು, ಚಮಚ ತಿರುಗಿಸಿ ನೋಡಿ ಇನ್ನೊಮ್ಮೆ “ಒಂದ ಅಲ್ರಿ ನಾ ಹಾಕಿದ್ದು?” ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. ಅಷ್ಟೇ ಮಾತಾಡಿ ಬಂದೆ.

ನನಗೆ ಮಾತ್ರ ಒಂದರ ಹಿಂದೊಂದು ಕೆಲಸ ಸಿಕ್ಕವು. ಆ ಕೋಲ್ಡ್ ಸ್ಟೋರೇಜು ಚೆನ್ನಾಗಿ ನಡೆಯಿತು. ಹೆಣ್ಣುಮಗಳಾದರೂ ಗಟ್ಟಿಗಿತ್ತಿ ಎಂದು ಸಾಹುಕಾರರು ನಾಲ್ಕು ಜನರೆದುರು ಹೇಳಿದರು. ಮದುವೆಯಾಯಿತು, ಮಗಳು ಹುಟ್ಟಿದಳು. ಹೊಸ ಸೈಟಿನಲ್ಲಿ ರಾಣೆಬೆನ್ನೂರಿನ ಗೌಂಡಿಗಳಿದ್ದರೆ ಮೊದಲ ದಿನ ನಾನು ಅವರ ಮುಖ ನೋಡುತ್ತಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಅಂಥ ಒಬ್ಬ ಗೌಂಡಿಯೇ ಹೇಳಿದ: ಚಾಚಾನಿಗೆ ದಮ್ಮು ಜೋರಾಗಿದೆ, ಹಾಸಿಗೆ ಹಿಡಿದಿದ್ದಾನೆ, ಯಾರಾದರೂ ನೋಡಲು ಹೋದರೆ ಆ ಬ್ಯಾಡಗಿಯ ನೆಲದ ಮಾತೇ ತೆಗೆಯುತ್ತಾನೆ, ಎಲ್ಲಿ ತಪ್ಪಿದೆ ಎಂದು ಕೇಳುತ್ತಾನೆ. ಮರುದಿನವೇ ಹೊರಟೆ. ಹಾವೇರಿಯಿಂದ ರಾಣೆಬೆನ್ನೂರಿನ ತನಕ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅವರು ಬೈಯಲಿ, ಹೊಡೆಯಲಿ, ಊರಿಗೆಲ್ಲ ಸಾರಲಿ. ಆ ಕೈ ತಪ್ಪಿರಲಿಲ್ಲ ಎಂಬುದೊಂದು ಅವರಿಗೆ ತಿಳಿದರೆ ಸಾಕಿತ್ತು.

ಒಂದೇ ಕೋಣೆಯ ಮನೆ. ಹೊರಸಿನ ಮೇಲೆ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಅವರ ಹೆಂಡತಿ ನನಗೆ ಮಣೆ ಹಾಕಿದರು. ನಾನು ಕೂರದೆ, ನಿಂತೇ, ಉಸಿರು ಬಿಡದೆ ಎಲ್ಲ ಹೇಳಿದೆ. ಫೋನು, ಕ್ಯೂರಿಂಗ್, ಪೈಪು, ಮಣ್ಣಿನ ಕಟ್ಟೆ, ಗೋಣಿಚೀಲ. “ಎಲ್ಲಾರ ಮುಂದ ನೀವು ಕೇಳಿದಾಗ ನಾ ಸುಳ್ಳು ಹೇಳಿದೆ ಚಾಚಾ. ನಿಮ್ಮ ಕೈ ತಪ್ಪಿರಲಿಲ್ಲ.”

ಅವರ ಕಣ್ಣು ತುಂಬಿತು, ತುಟಿಯ ಮೇಲೆ ನಗೆ ಬಂತು. ನನಗೆ ಜೀವ ಬಂದಂತಾಯಿತು.

“ನೀವು ಭಾಳ ದೊಡ್ಡವ್ರ ಬಾಯಾರ” ಎಂದರು, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತ. “ಮುದುಕಗ ಸಮಾಧಾನ ಆಗಲಿ ಅಂತ, ಇಷ್ಟ ದೂರ ಬಂದು, ನನ್ನ ತಪ್ಪು ನಿಮ್ಮ ತಲಿಮ್ಯಾಲ ಹಾಕ್ಕೊಳ್ಳಾಕತ್ತೀರಿ.”

“ಇಲ್ಲ ಚಾಚಾ, ಖರೇ ಹೇಳಾಕತ್ತೇನಿ. ನಾನ ನೀರು ಬಿಟ್ಟೆ!”

“ಅವತ್ತು ನೀವು ಇಲ್ಲ ಅಂದಿದ್ರಿ. ನೀವು ಸುಳ್ಳು ಹೇಳೋರಲ್ಲ. ಅಷ್ಟ ಗೊತ್ತಿಲ್ಲೇನು ನಂಗ?”

“ನನ್ನ ಮಗಳ ಮ್ಯಾಲ ಆಣಿ ಮಾಡತೇನಿ—”

ಅವರು ದಿಂಬಿನಿಂದ ಎದ್ದೇ ಬಿಟ್ಟರು. ಆ ಉಬ್ಬಸದಲ್ಲಿಯೂ ಕೈಚಾಚಿ ನನ್ನ ಬಾಯಿ ಮುಚ್ಚಿದರು. “ಬ್ಯಾಡ್ರಿ, ಬ್ಯಾಡ್ರಿ! ಮಕ್ಕಳ ಮ್ಯಾಲ ಸುಳ್ಳ ಆಣಿ ಮಾಡಬಾರದ್ರಿ. ಕೂಸಿಗೆ ತಟ್ಟತೈತಿ.” ಆಮೇಲೆ ಕೆಮ್ಮು ಹತ್ತಿತು, ಅವರ ಹೆಂಡತಿ ನೀರು ಕುಡಿಸುತ್ತ ನನಗೆ ಸಾಕೆಂದು ಕೈಸನ್ನೆ ಮಾಡಿದರು.

ಇಪ್ಪತ್ತು ದಿನ ಬಿಟ್ಟು ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು ನಾನು ಹೋಗುವ ಹೊತ್ತಿಗೆ ಮಣ್ಣಾಗಿ ಮೂರು ದಿನವಾಗಿತ್ತು. ಒಳಗೆ ಓಣಿಯ ಹೆಂಗಸರು ತುಂಬಿದ್ದರು. ಅವರ ಹೆಂಡತಿ ನನ್ನನ್ನು ಕಂಡು ಎದ್ದು ಬಂದು, ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಇವರ ನೋಡ್ರಿ ಆ ಬಾಯಾರು. ನಮ್ಮವ್ರ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕ ಬಂದಿದ್ರಲ್ಲ, ಅವ್ರು. ಸಾಯೂತನಕ ಇವ್ರನ್ನ ನೆನಿಸಿದ್ರು.”

ಅಲ್ಲವೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಗೆ ಒರಗಿದ್ದ ಒಬ್ಬ ಮುದುಕಿ ಮೊಣಕಾಲು ಹಿಡಿದು ಎದ್ದು ಬಂದು, ನನ್ನ ಎರಡೂ ಕೈ ತೆಗೆದುಕೊಂಡು ತನ್ನ ಕಣ್ಣಿಗೆ ಒತ್ತಿಕೊಂಡಳು.